ಗುಡ್ಡದ ದಾರಿ ಘಟಪ್ರಭಾದಿಂದ



ಮೊನ್ನೆ ಬೆಂಗಳೂರಿನ ಸಂಗಾತಿಯೊಬ್ಬರು ಫೋನ್ ಮಾಡಿದ್ದರು. "ಗೋಕಾಕ ಫಾಲ್ಸ್ ನೋಡ್ಕೊಂಡು ಹಾಗೇ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೂ ಹೋಗ್ಬೇಕು, ಹೇಗೆ ಹೋಗೋದು?" ಅಂದರು. ಉತ್ತರ ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಬರೀತೀನಿ.

ದಾರಿ ಸರಳ. ಬೆಳಗಾವಿ-ಮಿರಜ ರೈಲು ಮಾರ್ಗದಾಗ ಘಟಪ್ರಭಾ ಸ್ಟೇಷನ್‌ಗೆ ಇಳೀರಿ. ಅಲ್ಲಿಂದ ಗೋಕಾಕ, ಯರಗಟ್ಟಿ, ಸವದತ್ತಿ. ಮೂಡಲಗಿ, ಹುಕ್ಕೇರಿ ಕಡೆಯವರೂ ಗೋಕಾಕಕ್ಕೆ ಬಂದು ಹೋಗಬಹುದು. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೀಬ್ಯಾಡ್ರಿ, 2023ರ ಜೂನ್‌ನಿಂದ ಶಕ್ತಿ ಯೋಜನೆಯಾಗ ಬಸ್ ಪುಕ್ಕಟೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ಗುಡ್ಡ ಸಮಾಧಾನವಾಗಿರತೈತಿ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ ಮಾತ್ರ ಚಕ್ಕಡಿ, ಟ್ರ್ಯಾಕ್ಟರ್, ಭಂಡಾರ, ಚೌಡಿಕಿ ಸಪ್ಪಳ. ಕಾಲಿಡಾಕ ಜಾಗ ಇರೂದಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಮಾತು. 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಗುಡಿ ಕಟ್ಟಿಸಿದ ಅಂತ ನಿಮಗೆ ಯಾರಾದರೂ ಹೇಳತಾರ. ಆ ದೇವಿಯ ಹೆಸರಿನಾಗ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಸುದ್ದಿ ಯಾರೂ ಎತ್ತೂದಿಲ್ಲ. ಬಹುಪಾಲು ನಮ್ಮ ಕೇರಿಯ ಕೂಸುಗಳು. ತಲೆಗೂದಲು ಜಡೆಗಟ್ಟಿದರೆ ಯಲ್ಲಮ್ಮ ಕರದಾಳ ಅಂದರು. ಗಂಡುಮಗ ಇಲ್ಲದ ಮನೆಯಾಗ ಮುಪ್ಪಿನ ಕಾಲಕ್ಕ ಒಬ್ಬಾಕಿ ಇರಲಿ ಅಂದರು. ಮುತ್ತು ಬಿದ್ದ ಮೇಲೆ ಆಕಿಗೆ ಮದುವೆ ಇಲ್ಲ, ಮಕ್ಕಳಿಗೆ ಅಪ್ಪನ ಹೆಸರಿಲ್ಲ. ದೇವರ ಹೆಸರು ಮುಂದ, ಉಳ್ಳವರ ಸುಖ ಹಿಂದ.

ಬೆಳಗಾವಿ ಸೀಮೆ ಮುಂಬಯಿ ಪ್ರಾಂತದಾಗ ಇದ್ದಾಗಲೇ, 1934ರಲ್ಲಿ, ಇದನ್ನ ನಿಷೇಧಿಸಿ ಕಾಯ್ದೆ ಬಂತು. ಕೇರಿಯ ತನಕ ಅದು ಬರಲಿಲ್ಲ. 48 ವರ್ಷದ ಮೇಲೆ, 1982ರಲ್ಲಿ, ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾತು. ಆ ಕಾಯ್ದೆಯಾಗ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು ಇತ್ತು, ಹೆತ್ತವರೇ ಆದರೆ ಐದು ವರ್ಷದವರೆಗೆ. ಹೆಚ್ಚಿನ ಶಿಕ್ಷೆ ಯಾರಿಗಿತ್ತು ಅಂತ ನೋಡ್ರಿ. ಬಡತನಕ್ಕ, ಅಂಜಿಕಿಗೆ ಬಗ್ಗಿದ ಅವ್ವನಿಗೆ. ಆ ಮಗಳನ್ನ 'ಇಟ್ಟುಕೊಂಡ' ಧಣಿಗೆ ಏನಿತ್ತು?

ಕಾಯ್ದೆ ಮಾಡಲಾರದ್ದನ್ನ ಮಾಡಿದವರು ಆ ಅವ್ವಂದಿರೇ. 1997ರಲ್ಲಿ ಮಾಜಿ ದೇವದಾಸಿಯರು ಸೇರಿ ಇದೇ ಘಟಪ್ರಭಾದಾಗ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ' ಕಟ್ಟಿದರು. ಮನೆ ಮನೆಗೆ ಹೋಗಿ ತಿಳಿಸಿ ಹೇಳಿದರು, ಜಡೆ ಕತ್ತರಿಸಿದರು, ಸಂಘ ಕಟ್ಟಿದರು, ಮಕ್ಕಳನ್ನ ಸಾಲಿಗೆ ಕಳಿಸಿದರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಸಂಸ್ಥೆಯನ್ನ ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫಾಲ್ಸ್ ನೋಡಾಕ ಬರೋ ಸಾವಿರಾರು ಮಂದಿ ಘಟಪ್ರಭಾದಾಗ ರೈಲು ಇಳೀತಾರ. ಎಷ್ಟು ಮಂದಿಗೆ ಈ ಚರಿತ್ರೆ ಗೊತ್ತೈತಿ?

ಗುಡ್ಡಕ್ಕ ಹೋಗಬ್ಯಾಡ್ರಿ ಅಂತ ನಾನು ಹೇಳೂದಿಲ್ಲ. ನಮ್ಮ ಆಯಿನೂ ಅಲ್ಲಿಗೆ ಕೈ ಮುಗಿದಾಕಿ. ಹೋಗ್ರಿ, ಎರಡು ಮಾತು ನೆನಪಿಡ್ರಿ. ಪಡಲಗಿ ಹೊತ್ತ ಮುದುಕಿಯ ಮುಖಕ್ಕ ಮೊಬೈಲ್ ಹಿಡೀಬ್ಯಾಡ್ರಿ. ಪಕ್ಕದಾಗ ಕುಂತು ಆಕಿಯ ಹೆಸರು ಕೇಳ್ರಿ, ಪಿಂಚಣಿ ಬರತೈತೇನು ಕೇಳ್ರಿ. ಯಾವುದೇ ಹುಡುಗಿಗೆ ಮುತ್ತು ಕಟ್ಟೂ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ತಡ ಮಾಡಬ್ಯಾಡ್ರಿ. ಅಲ್ಲೇ ನಿಂತು 1098ಕ್ಕೆ ಫೋನ್ ಹಚ್ಚರಿ.

ಜೈ ಭೀಮ್.