ಸಂತೆಯ ದಿನ ಮಾತ್ರ ತೆರೆಯುವ ಗೇಟು

ಆದೋನಿ, ಎಮ್ಮಿಗನೂರು, ಗೋನೆಗಂಡ್ಲದ ಕಡೆಯಿಂದ ಗುತ್ತಿ, ಅನಂತಪುರದ ದಾರಿ ಹಿಡಿದು ಬೆಂಗಳೂರಿಗೆ ಹೋಗುವವರು ಹೆಬ್ಬಾಳ ಮುಟ್ಟುವ ಮೊದಲು ಯಲಹಂಕ ವಾಯುನೆಲೆಯ ಪಕ್ಕದಲ್ಲೇ ಹಾಯುತ್ತಾರೆ. ವರ್ಷದ ಬಹುಪಾಲು ದಿನ ಆ ಕಾಂಪೌಂಡಿನೊಳಗಿನ ಯಾವುದಕ್ಕೂ ಕ್ಯಾಮೆರಾ ಹಿಡಿಯುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಏರೋ ಇಂಡಿಯಾ ಬಂತೆಂದರೆ ಅದೇ ರನ್‌ವೇಯ ಬದಿಯಲ್ಲಿ ಟಿಕೆಟ್ಟು ಕೊಂಡ ಸಾವಿರಾರು ಜನ ಮೊಳದುದ್ದದ ಲೆನ್ಸು ಹಿಡಿದು ನಿಲ್ಲುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ವಿಮಾನ ಅದೇ, ನೆಲ ಅದೇ, ಕಾನೂನೂ ಅದೇ. ಈ ವಾರ ಹವ್ಯಾಸವಾದದ್ದು ಮುಂದಿನ ವಾರ ಅಪರಾಧವಾಗುವುದು ಹೇಗೆ ಎಂದು ಹುಡುಕುತ್ತ ಹೋದರೆ ಸುಮಾರು ನೂರು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಯುದ್ಧವಿಮಾನದ ಮುಂದೆ ಕ್ಯಾಮೆರಾ ಹಿಡಿಯಲು ಅನುಮತಿ ಸಿಕ್ಕಿದ್ದು ಆ ವಿಮಾನ ಮಾರಾಟದ ಸರಕಾದಾಗ ಮಾತ್ರ. ತನ್ನ ತೆರಿಗೆಯಿಂದ ಹಾರುವ ವಿಮಾನವನ್ನು ನಾಗರಿಕ ನೋಡಬಹುದು, ಚಿತ್ರ ತೆಗೆದಿಟ್ಟುಕೊಳ್ಳಬಹುದು ಎಂಬ ಇನ್ನೊಂದು ಕಾರಣಕ್ಕೆ ಗೇಟು ತೆರೆದ ವಾಡಿಕೆಯೇ ಇಲ್ಲಿ ಬೆಳೆಯಲಿಲ್ಲ. ಇದರ ಪರಿಣಾಮವನ್ನು ಇಂದು ಉಳಿದಿರುವ ಚಿತ್ರಗಳಲ್ಲೇ ಓದಬಹುದು.

ಮೊದಲು ಕಾನೂನಿನ ಮಾತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ವಾಯುನೆಲೆಗಳನ್ನು ನಿಷೇಧಿತ ಸ್ಥಳಗಳ ಪಟ್ಟಿಗೆ ಸೇರಿಸಿತು. 1937ರ ವಿಮಾನ ನಿಯಮಗಳಲ್ಲಿ 13ನೆಯದು, ಅನುಮತಿ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಚಿತ್ರ ತೆಗೆಯಬಾರದು, ಹಾರುವ ವಿಮಾನದಿಂದಲೂ ತೆಗೆಯಬಾರದು ಎಂದಿತು. ಎರಡೂ ಬ್ರಿಟಿಷರ ಕಾಲದವು. ಆದರೆ ಅದೇ ಬ್ರಿಟಿಷರು ಲಂಡನ್ ಬಳಿಯ ಹೆಂಡನ್‌ನಲ್ಲಿ 1920ರಿಂದ 1937ರವರೆಗೆ ವರ್ಷ ವರ್ಷವೂ ತಮ್ಮ ವಾಯುಪಡೆಯ ಪ್ರದರ್ಶನ ನಡೆಸಿದರು. ಜನ ಜಾತ್ರೆಗೆ ಬಂದಂತೆ ಬಂದರು, ಬಾಕ್ಸ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿಕೊಂಡು ಹೋದರು. ರಹಸ್ಯಗಳ ಕಾಯ್ದೆ ಅವರಲ್ಲೂ ಇತ್ತು, 1911ರದ್ದು. ನಮ್ಮದು ಅದರದೇ ಅಚ್ಚು. ಹಾಗಾಗಿ ತಪ್ಪನ್ನೆಲ್ಲ ಕಾನೂನಿನ ತಲೆಗೆ ಕಟ್ಟುವುದು ಸರಿಯಲ್ಲ. ಒಂದೇ ಬಗೆಯ ಕಾನೂನಿನಡಿ ಒಂದು ಕಡೆ ಜನರನ್ನು ಒಳಗೆ ಕರೆದರು, ಇನ್ನೊಂದು ಕಡೆ ಗೇಟಿನಾಚೆ ನಿಲ್ಲಿಸಿದರು. ಅಲ್ಲಿ ಪ್ರಜೆಗಳಿದ್ದರು, ಇಲ್ಲಿ ಆಳಿಸಿಕೊಳ್ಳುವವರಿದ್ದರು. ಅಷ್ಟರಮಟ್ಟಿಗೆ ಅದು ಅರ್ಥವಾಗುವ ಮಾತೇ. 1947ರ ನಂತರವೂ ಅದೇ ರೂಢಿ ನಡೆದುಬಂದದ್ದನ್ನು ಮಾತ್ರ ವಿವರಿಸಬೇಕಾಗುತ್ತದೆ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಗೇಟು ಎರಡು ಕಡೆ ತೆರೆಯಿತು. ಒಂದು ವ್ಯಾಪಾರದ್ದು: 1948ರಿಂದ ಫಾರ್ನ್‌ಬರೋದಲ್ಲಿ ವಿಮಾನ ತಯಾರಕರ ಪ್ರದರ್ಶನ. ಇನ್ನೊಂದು ವಾಯುಪಡೆಯದ್ದೇ: ಯುದ್ಧ ಮುಗಿದ ವರ್ಷದಿಂದಲೇ ಸೆಪ್ಟೆಂಬರಿನಲ್ಲಿ, ಬ್ರಿಟನ್ ಕದನದ ನೆನಪಿನ ದಿನ, ದೇಶದ ಹಲವಾರು ನೆಲೆಗಳು ಸುತ್ತಲಿನ ಊರಿನವರಿಗೆ ಬಾಗಿಲು ತೆರೆಯುತ್ತಿದ್ದವು. 1970ರ ದಶಕದಲ್ಲಿ ಗ್ರೀನ್‌ಹ್ಯಾಮ್ ಕಾಮನ್‌ನಲ್ಲೂ 1985ರಿಂದ ಫೇರ್‌ಫರ್ಡ್‌ನಲ್ಲೂ ನಡೆದ ದೊಡ್ಡ ಕೂಟ ವಾಯುಪಡೆಯವರ ಕ್ಷೇಮನಿಧಿಗೆ ಹಣ ಕೂಡಿಸಲೆಂದು ಆದದ್ದು. ಇವುಗಳ ಸುತ್ತ ಒಂದು ಹವ್ಯಾಸಿ ಸಮುದಾಯವೇ ಹುಟ್ಟಿತು. ಅವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಕೋಡಾಕ್ರೋಮ್ ಸ್ಲೈಡ್ ಫಿಲ್ಮು, ವೇಗ 64. ಬಿಸಿಲು ಚೆನ್ನಾಗಿದ್ದರೆ ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ 5.6ರ ಅಪರ್ಚರ್ ಸಾಕು. ಮೋಡ ಮುಚ್ಚಿದರೆ ಜೆಟ್ಟು ಮಸುಕಾಗುವುದು ಖಚಿತ. ಪ್ರೊಪೆಲ್ಲರ್ ವಿಮಾನವಾದರೆ ಲೆಕ್ಕ ತಿರುಗಿಸಬೇಕು: ಐನೂರರಲ್ಲಿ ತೆಗೆದರೆ ಪ್ರೊಪೆಲ್ಲರಿನ ಅಲಗುಗಳು ನಿಂತಂತೆ ಕಂಡು ವಿಮಾನ ದಾರದಲ್ಲಿ ತೂಗುಹಾಕಿದ ಆಟಿಕೆಯಾಗುತ್ತದೆ, ಹಾಗಾಗಿ ನೂರಿಪ್ಪತ್ತೈದಕ್ಕೆ ಇಳಿಸಿ, ಕೈ ಅಲುಗದಂತೆ ವಿಮಾನದ ಜತೆಗೇ ಲೆನ್ಸು ತಿರುಗಿಸಬೇಕು. ಬೂದು ಆಕಾಶದ ಬೆಳಕಿಗೆ ಮೀಟರು ಮೋಸಹೋಗಿ ವಿಮಾನದ ಹೊಟ್ಟೆ ಕಪ್ಪಾಗಿ ಬರುತ್ತದೆ. ಅದಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಬಿಡಬೇಕು. ಇಷ್ಟೆಲ್ಲ ಮೂವತ್ತಾರು ಫ್ರೇಮಿನೊಳಗೆ. ಒಳ್ಳೆಯ ಪಲ್ಟಿಯ ಹೊತ್ತಿಗೇ ರೋಲು ಮುಗಿಯುವುದು ಎಲ್ಲ ದೇಶದ ಛಾಯಾಗ್ರಾಹಕರ ಹಣೆಬರಹ. ಆದರೆ ಅವರ ನಿಜವಾದ ಹುಚ್ಚು ಹಾರಾಟದ್ದಲ್ಲ, ನಿಂತ ವಿಮಾನದ ಬಾಲದ ಬಳಿ ಬರೆದ ಕ್ರಮಸಂಖ್ಯೆಯದ್ದು. ಒಂದೊಂದು ವಿಮಾನವನ್ನೂ ಸಂಖ್ಯೆ ಸಮೇತ, ಪಕ್ಕದಿಂದ, ಬಿಸಿಲು ಬೆನ್ನಿಗಿಟ್ಟುಕೊಂಡು ತೆಗೆದು, ನಕಲು ಸ್ಲೈಡುಗಳನ್ನು ಅಂಚೆಯಲ್ಲಿ ಇನ್ನೊಬ್ಬರೊಂದಿಗೆ ಬದಲಾಯಿಸಿಕೊಳ್ಳುತ್ತಿದ್ದರು. ನಗುವವರು ನಕ್ಕರು. ಇಂದು ಯಾವ ವಿಮಾನ ಯಾವ ವರ್ಷ ಯಾವ ದಳದಲ್ಲಿತ್ತು, ಯಾವ ಬಣ್ಣದಲ್ಲಿತ್ತು ಎಂದು ತಿಳಿಯಬೇಕಾದ ಇತಿಹಾಸಕಾರ ಹೋಗುವುದು ಆ ಸ್ಲೈಡು ಡಬ್ಬಿಗಳ ಬಳಿಗೇ.

ಈಗ ಬೆಂಗಳೂರಿಗೆ ಬರೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಇಲ್ಲೇ ಬೆಳೆದು ಎಚ್‌ಎಎಲ್ ಆಯಿತು. 1951ರಲ್ಲಿ ಎಚ್‌ಟಿ-2 ಹಾರಿತು. 1961ರ ಜೂನ್ 17ರಂದು, ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನವನ್ನು ಸುರಂಜನ್ ದಾಸ್ ಮೊದಲ ಸಲ ಹಾರಿಸಿದರು. 1970ರ ಜನವರಿಯಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಅವರು ಪ್ರಾಣ ಬಿಟ್ಟರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದಾಳಿ ಮಾಡಿದವು. 1990ರ ಹೊತ್ತಿಗೆ ಎಲ್ಲ ಮುಗಿಯಿತು. ಬೆಂಗಳೂರಿನ ಎರಡು ತಲೆಮಾರು ತಲೆಯ ಮೇಲೆ ಈ ಸದ್ದು ಕೇಳುತ್ತಲೇ ಬೆಳೆದವು. ಆದರೂ ಮಾರುತ್‌ನ ಚಿತ್ರಗಳೆಂದರೆ ಬಹುಮಟ್ಟಿಗೆ ಕಾರ್ಖಾನೆಯವರು, ರಕ್ಷಣಾ ಇಲಾಖೆಯವರು ತೆಗೆಸಿದವು, ಇಲ್ಲವೇ ಪೈಲಟ್ಟುಗಳ ಮನೆಯ ಆಲ್ಬಮಿನಲ್ಲಿ ಉಳಿದವು. ಊರಿನವರು ತೆಗೆದದ್ದು ಎಂಬ ಮೂರನೆಯ ಬಗೆ ಇಲ್ಲವೆಂಬಷ್ಟು ಕಡಿಮೆ.

ಬಡ ದೇಶ, ಫಿಲ್ಮು ದುಬಾರಿ, ಟೆಲಿ ಲೆನ್ಸು ಯಾರ ಬಳಿ ಇತ್ತು ಎಂದು ಕೇಳಬಹುದು. ಈ ಆಕ್ಷೇಪ ಮೇಲ್ನೋಟಕ್ಕೆ ಸರಿ. ಆಮದು ಫಿಲ್ಮಿಗೆ ಸುಂಕ ಜಡಿಯುತ್ತಿದ್ದ ಕಾಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಹೆಸರಿನ ಕಪ್ಪುಬಿಳುಪು ರೋಲೇ ಎಷ್ಟೋ ಜನರಿಗೆ ಗತಿ. ಆದರೆ ಅದೇ ಬೆಂಗಳೂರು, ಅದೇ ಮೈಸೂರು ಸೀಮೆ ಆ ದಶಕಗಳಲ್ಲಿ ಜಗತ್ತೇ ತಿರುಗಿ ನೋಡುವಂತಹ ವನ್ಯಜೀವಿ ಛಾಯಾಗ್ರಹಣಕ್ಕೆ ತವರಾಗಿತ್ತು. ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್ ಇಲ್ಲಿಯವರು. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದೂ ಕ್ಯಾಮೆರಾ ಕೆಳಗಿಡಲಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಹಾರುವ ಹಕ್ಕಿಯನ್ನು ಟೆಲಿ ಲೆನ್ಸಿನಲ್ಲಿ ಹಿಡಿಯಬಲ್ಲ ಕೈಗೆ ಮಾರುತ್ ಕಷ್ಟವಾಗುತ್ತಿರಲಿಲ್ಲ. ಉಪಕರಣವಿತ್ತು, ಕಸುಬಿತ್ತು, ಶ್ರೀಮಂತರಲ್ಲದ ಹವ್ಯಾಸಿಗಳೂ ಸಂಘದ ಮೂಲಕ ಕಲಿಯುವ ದಾರಿಯಿತ್ತು. ರಂಗನತಿಟ್ಟಿಗೆ, ಬಂಡೀಪುರಕ್ಕೆ ಅರಣ್ಯ ಇಲಾಖೆ ಅನುಮತಿ ಕೊಟ್ಟು ಕ್ಯಾಮೆರಾವನ್ನು ಒಳಗೆ ಬಿಟ್ಟಿತು, ವಾಯುನೆಲೆ ಬಿಡಲಿಲ್ಲ. ವ್ಯತ್ಯಾಸ ಇಷ್ಟೇ. ಕಾಡಿನ ಗೇಟು ತೆರೆದದ್ದರಿಂದ ಕರ್ನಾಟಕದ ಆನೆ, ಹುಲಿ, ಕೊಕ್ಕರೆಗಳಿಗೆ ಚಿತ್ರಗಳ ಚರಿತ್ರೆಯೊಂದು ಸಿಕ್ಕಿತು, ಎಚ್‌ಎಎಲ್ ವಿಮಾನಗಳಿಗೆ ಸಿಗಲಿಲ್ಲ.

ಭದ್ರತೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. 1962, 1965, 1971 ಎಂದು ಒಂಬತ್ತು ವರ್ಷದಲ್ಲಿ ಮೂರು ಯುದ್ಧ ಕಂಡ ದೇಶ ತನ್ನ ನೆಲೆಗಳ ಬಗ್ಗೆ ಅಂಜಿದ್ದರೆ ತಪ್ಪೇನು? ಗಡಿಯ ನೆಲೆಗಳ ಮಟ್ಟಿಗೆ, ಯುದ್ಧದ ದಿನಗಳ ಮಟ್ಟಿಗೆ, ತಪ್ಪೇನೂ ಇಲ್ಲ. ಯುರೋಪಿನಲ್ಲೂ ಎಲ್ಲ ಕಡೆ ಉದಾರತೆ ಇರಲಿಲ್ಲ: 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾಟಾ ನೆಲೆಯಲ್ಲಿ ವಿಮಾನ ಸಂಖ್ಯೆ ಬರೆದುಕೊಳ್ಳುತ್ತಿದ್ದ ಹನ್ನೆರಡು ಬ್ರಿಟಿಷರು, ಇಬ್ಬರು ಡಚ್ಚರು ಗೂಢಚಾರಿಕೆಯ ಆರೋಪದಲ್ಲಿ ಸಿಕ್ಕಿಬಿದ್ದು, ಮುಂದಿನ ವರ್ಷ ಶಿಕ್ಷೆಯೂ ಆಗಿ, ಕೊನೆಗೆ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಸಂಖ್ಯೆ ಬರೆದುಕೊಳ್ಳುವುದೂ ಒಂದು ಹವ್ಯಾಸ ಎಂದು ಅಲ್ಲಿನ ಕೆಳ ನ್ಯಾಯಾಲಯಕ್ಕೆ ನಂಬಿಸಲಾಗಲಿಲ್ಲ. ನಮ್ಮ ಪೊಲೀಸ್ ಠಾಣೆಯಲ್ಲೂ ನಂಬಿಸುವುದು ಸುಲಭವಿರಲಿಕ್ಕಿಲ್ಲ. ಆದರೆ ರಹಸ್ಯ ಎಂಬ ವಾದ ಎಷ್ಟು ದೂರ ನಿಲ್ಲುತ್ತದೆ ಎಂಬುದಕ್ಕೆ ಮಿಗ್-29 ಒಳ್ಳೆಯ ಸಾಕ್ಷಿ. 1986ರಲ್ಲಿ ಸೋವಿಯತ್ತರೇ ಅದನ್ನು ಫಿನ್ಲೆಂಡಿಗೆ ಹಾರಿಸಿ ಪಶ್ಚಿಮದ ಕ್ಯಾಮೆರಾಗಳಿಗೆ ತೋರಿಸಿದರು. 1987ರಲ್ಲಿ ಭಾರತದ ವಾಯುಪಡೆಗೆ ಬಂತು. 1988ರಲ್ಲಿ ಫಾರ್ನ್‌ಬರೋಗೆ ಹೋಯಿತು. ಸೋವಿಯತ್ತರು ಯಾರನ್ನು ಎದುರಾಳಿ ಎಂದುಕೊಂಡಿದ್ದರೋ ಆ ದೇಶದ ಶಾಲಾ ಹುಡುಗರು ಬೇಲಿಗೆ ಒರಗಿ ನಿಂತು ಅದರ ಸ್ಲೈಡು ತೆಗೆದರು. ಅದನ್ನು ಹಣ ಕೊಟ್ಟು ಕೊಂಡ ದೇಶದ ಹವ್ಯಾಸಿಗೆ ಮಾತ್ರ ಗಣರಾಜ್ಯೋತ್ಸವದ ಹಾರಾಟದಲ್ಲಿ ತಲೆಯೆತ್ತಿ ನೋಡಬಹುದಾದ ಚುಕ್ಕೆಯಷ್ಟೇ. ಮುಚ್ಚಿಟ್ಟದ್ದು ಶತ್ರುವಿನಿಂದಲ್ಲ ಎಂದ ಮೇಲೆ ಯಾರಿಂದ ಎಂಬ ಪ್ರಶ್ನೆ ಏಳುತ್ತದೆ.

1996ರ ಡಿಸೆಂಬರಿನಲ್ಲಿ ಯಲಹಂಕದಲ್ಲಿ ಮೊದಲ ಏರೋ ಇಂಡಿಯಾ ನಡೆದಾಗ ರಹಸ್ಯಗಳ ಕಾಯ್ದೆ ಸಡಿಲವಾಗಿರಲಿಲ್ಲ. ಬದಲಾದದ್ದು ಮಾರುಕಟ್ಟೆ. ಸೋವಿಯತ್ ಒಕ್ಕೂಟ ಒಡೆದು ಹೋಗಿತ್ತು, ಬಿಡಿಭಾಗ ಎಲ್ಲಿಂದ ತರುವುದೆಂಬ ತಲೆಬಿಸಿ ವಾಯುಪಡೆಗಿತ್ತು, ಯುರೋಪಿನ ತಯಾರಕರು ಹೊಸ ಗಿರಾಕಿಗಳನ್ನು ಹುಡುಕುತ್ತಿದ್ದರು. ಮಾರುವವನಿಗೆ ತನ್ನ ಸರಕಿನ ಚಿತ್ರ ಎಲ್ಲೆಲ್ಲೂ ಕಾಣಬೇಕು. 1998ರ ಡಿಸೆಂಬರಿನ ಮೇಳ ಮುಗಿದು 2001ರಿಂದ ಅದು ಫೆಬ್ರವರಿಗೆ ಬಂತು. ಮೊದಲ ದಿನಗಳು ವ್ಯಾಪಾರಕ್ಕೆ, ಕೊನೆಯವು ಜನರಿಗೆ. 126 ಯುದ್ಧವಿಮಾನಗಳ ಖರೀದಿಯ ಮಾತು ಎದ್ದಮೇಲಂತೂ ಯಲಹಂಕದ ಆಕಾಶ ಹರಾಜುಕಟ್ಟೆಯೇ ಆಯಿತು: 2007ರಲ್ಲಿ ಎಫ್-16, ಎಫ್-18, ಮಿಗ್-35, 69ರ ರತನ್ ಟಾಟಾ ಹಿಂದಿನ ಸೀಟಿನಲ್ಲಿ ಕೂತು ಹಾರಿದ್ದೂ ಆಗಲೇ. 2011ರಲ್ಲಿ ರಫೇಲ್, ಟೈಫೂನ್, ಗ್ರಿಪೆನ್. 2025ರಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಒಂದೇ ಮೈದಾನದಲ್ಲಿ. ಈ ನಡುವೆ ಡಿಜಿಟಲ್ ಕ್ಯಾಮೆರಾ ಬಂದು ಫ್ರೇಮು ಎಣಿಸುವ ಕಷ್ಟ ತಪ್ಪಿತ್ತು. ಫಾರ್ನ್‌ಬರೋದವರು ಐವತ್ತು ವರ್ಷದಲ್ಲಿ ಕಲಿತದ್ದನ್ನು ಬೆಂಗಳೂರಿನ ಹುಡುಗರು ಹತ್ತೇ ವರ್ಷದಲ್ಲಿ ಕಲಿತರು.

ಸಿಕ್ಕಿತಲ್ಲ, ಇನ್ನೇನು ಬೇಕು ಎನ್ನುವವರು ಆ ಚಿತ್ರಗಳ ರಾಶಿಯನ್ನು ಒಮ್ಮೆ ವಿಂಗಡಿಸಿ ನೋಡಬೇಕು. ಭಾರತ ಎಂದೂ ಕೊಳ್ಳದ ಎಫ್-16 ಬೆಂಗಳೂರಿನ ಎಷ್ಟೋ ಮನೆಗಳ ಹಾರ್ಡ್‌ಡಿಸ್ಕಿನಲ್ಲಿ ಎಲ್ಲ ಕೋನದಿಂದಲೂ ಇದೆ. ಬೆಂಗಳೂರಿನಲ್ಲೇ ತಯಾರಾಗಿ, 1964ರಲ್ಲಿ ಮೊದಲು ಹಾರಿ, ದಶಕಗಟ್ಟಲೆ ವಾಯುಪಡೆಯ ಪೈಲಟ್ಟುಗಳಿಗೆ ಪಾಠ ಹೇಳಿದ ಕಿರಣ್ ಕೂಡ ಇದೆ, ಆದರೆ ಬೀದರ್‌ನಿಂದ ಬರುತ್ತಿದ್ದ ಸೂರ್ಯಕಿರಣ ತಂಡದ ಕೆಂಪು-ಬಿಳಿ ಉಡುಪಿನಲ್ಲಿ. ದಿನಗೂಲಿಯಂತೆ ದುಡಿದ ತರಬೇತಿ ಕಿರಣ್, ಎಣ್ಣೆ ಜಿಡ್ಡು ಹಿಡಿದದ್ದು, ಒಂದು ಬಾಗಿಲಿಗೆ ಬೇರೆ ಬಣ್ಣದ ತೇಪೆ ಹಾಕಿದ್ದು, ಮೇಳಕ್ಕೆ ಬರುವುದಿಲ್ಲ. ಅದನ್ನು ಯಾರೂ ಮಾರುತ್ತಿಲ್ಲ. ಅಧಿಕೃತ ಛಾಯಾಗ್ರಾಹಕರು ತೆಗೆದಿರುತ್ತಾರಲ್ಲ ಎಂದರೆ, ಅವರು ತೆಗೆಯುವುದು ಹಸ್ತಾಂತರದ ದಿನ, ಮಂತ್ರಿ ಬಂದ ದಿನ, ಹೊಸ ಬಣ್ಣ ಹೊಡೆದ ದಿನ. ಅದು ಅವರ ಕೆಲಸ, ದೂರಲಾಗದು. ಆದರೆ ಮದುವೆಯ ಆಲ್ಬಮ್ ನೋಡಿ ಸಂಸಾರದ ಚರಿತ್ರೆ ಬರೆಯಲಾಗುವುದಿಲ್ಲ. ಬ್ರಿಟನ್ನಿನ ಎರಡನೇ ಗೇಟು, ನೆಲೆಯ ಮುಕ್ತದಿನದ್ದು, ಈ ಕೊರತೆಯನ್ನೇ ತುಂಬಿತ್ತು: ಆ ನೆಲೆಯಲ್ಲಿ ಆ ವಾರ ಏನು ದುಡಿಯುತ್ತಿತ್ತೋ ಅದೇ ಸಾಲಾಗಿ ನಿಂತಿರುತ್ತಿತ್ತು.

ಜನಸಂದಣಿಯ ಅಪಾಯವನ್ನು ಎತ್ತಿ ತೋರುವವರ ಮಾತಿನಲ್ಲಿ ಹುರುಳಿದೆ. 1988ರ ಆಗಸ್ಟಿನಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ವಿಮಾನಗಳು ಡಿಕ್ಕಿಯಾಗಿ ಎಪ್ಪತ್ತು ಜನ ಸತ್ತರು. ಯಲಹಂಕದಲ್ಲೇ 2007ರ ತಾಲೀಮಿನಲ್ಲಿ ಧ್ರುವ್ ಹೆಲಿಕಾಪ್ಟರ್ ಬಿತ್ತು. 2019ರಲ್ಲಿ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು, ಅದೇ ವಾರ ಪಾರ್ಕಿಂಗ್ ಮೈದಾನಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಆದರೆ ಇವೆಲ್ಲ ಪಲ್ಟಿ ಹಾರಾಟದ, ಲಕ್ಷ ಜನ ಸೇರುವ ಮೇಳದ ಅಪಾಯಗಳು. ಮುಕ್ತದಿನಕ್ಕೆ ಹಾರಾಟವೇ ಬೇಕೆಂದಿಲ್ಲ. ನಿಂತ ವಿಮಾನ, ಹಗ್ಗದ ಬೇಲಿ, ಹೆಸರು ಬರೆಸಿಕೊಂಡ ಇನ್ನೂರು ಜನ. ಅಷ್ಟಕ್ಕೆ ಪಾರ್ಕಿಂಗಿನ ಸಮಸ್ಯೆಯೂ ಏಳದು. ಶಾಲಾ ಮಕ್ಕಳನ್ನು ಆಗಾಗ ಒಳಗೆ ಕರೆದು ತೋರಿಸುವ ಪದ್ಧತಿ ನೆಲೆಗಳಲ್ಲಿ ಈಗಲೂ ಉಂಟು. ಅದನ್ನೇ ಕ್ಯಾಮೆರಾ ಸಮೇತ ದೊಡ್ಡವರಿಗೂ ಚಾಚಿದರೆ ಸಾಕು.

ಮಾರುತ್ ಕಾಲ ಮುಗಿದುಹೋಯಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿ ಒಂದು, ಎಚ್‌ಎಎಲ್ ಸಂಗ್ರಹಾಲಯದಲ್ಲಿ ಒಂದು, ಜರ್ಮನಿಯ ಶ್ಲೈಸ್‌ಹೈಮ್‌ನಲ್ಲಿ ಒಂದು ಎಂದು ಅಲ್ಲಲ್ಲಿ ಉಳಿದಿವೆ; ಅವುಗಳ ಚಿತ್ರ ಯಾರು ಬೇಕಾದರೂ ತೆಗೆಯಬಹುದು, ದುಡಿಯುತ್ತಿದ್ದಾಗಿನದ್ದು ಇನ್ನು ಸಿಗದು. 2023ರಲ್ಲಿ 70 ಎಚ್‌ಟಿಟಿ-40 ತರಬೇತಿ ವಿಮಾನಗಳಿಗೆ ಎಚ್‌ಎಎಲ್‌ನೊಂದಿಗೆ ಒಪ್ಪಂದವಾಗಿದೆ. ಹೊಸವು ಬಂದಂತೆ ಹಳೆಯ ಕಿರಣ್‌ಗಳು ಮೂಲೆ ಸೇರುತ್ತವೆ. ಅವು ಗುಜರಿಗೆ ಹೋಗುವ ಮೊದಲು ತರಬೇತಿ ನೆಲೆಗಳಾದ ದುಂಡಿಗಲ್‌ನಲ್ಲೋ ಹಕೀಂಪೇಟೆಯಲ್ಲೋ ಒಂದು ಶನಿವಾರ ಗೇಟು ತೆರೆದು, ಗುರುತಿನ ಚೀಟಿ ನೋಡಿ ಜನರನ್ನು ಒಳಗೆ ಬಿಟ್ಟರೆ, ಬೆಂಗಳೂರಿನವರು ಮಾತ್ರವಲ್ಲ, ಕರ್ನೂಲು, ರಾಯಚೂರು, ಬೀದರ್‌ನವರೂ ರಾತ್ರಿ ಬಸ್ಸು ಹಿಡಿದು ಬರುತ್ತಾರೆ.