ಹುಳುಮಾತ್ರೆಯ ಅಡ್ಡಪರಿಣಾಮ: ಅಳತೆಯ ಇತಿಹಾಸ

ಜಂತುಹುಳು, ಆನೆಕಾಲು ಮೊದಲಾದ ಹುಳುರೋಗಗಳ ಔಷಧಿ ತೆಗೆದುಕೊಂಡವರಲ್ಲಿ ಕಾಣುವ ಜ್ವರ, ತಲೆಸುತ್ತು, ತುರಿಕೆಗಳನ್ನು ಎಣಿಸಿ, ತೀವ್ರತೆ ಗುರುತಿಸುವ ವಿಧಾನದ ಇತಿಹಾಸ ಇದು. ಇಲ್ಲಿ ತೊಂದರೆ ಕೊಡುವುದು ಎಷ್ಟೋ ಸಲ ಔಷಧಿಯಲ್ಲ, ಮೈಯೊಳಗೆ ಸಾಯುತ್ತಿರುವ ಹುಳು. ಆದ್ದರಿಂದ ಹುಳು ಹೆಚ್ಚಿದ್ದವರಿಗೇ ಸಂಕಟ ಹೆಚ್ಚು.

ಆನೆಕಾಲು ರೋಗದ ಔಷಧಿಯಾದ ಡಿಇಸಿ 1947ರಲ್ಲಿ ಬಳಕೆಗೆ ಬಂತು. ಮರುವರ್ಷವೇ ಮೆಕ್ಸಿಕೊದ ಮಜೋಟ್ಟಿ, ಕಣ್ಣು ಕಳೆಯುವ ಒಂಕೊಸರ್ಕ ಹುಳುರೋಗಿಗಳಲ್ಲಿ ಡಿಇಸಿ ತರುವ ತುರಿಕೆ, ದದ್ದು, ಜ್ವರಗಳನ್ನು ವಿವರಿಸಿದರು. ಆ ಪ್ರತಿಕ್ರಿಯೆಗೆ ಅವರ ಹೆಸರೇ ನಿಂತಿತು. ಆದರೆ ವಿವರಣೆಯಿಂದ ಎರಡು ಔಷಧಿಗಳನ್ನು ಹೋಲಿಸಲಾಗದು. ಘಾನಾದ ವೈದ್ಯ ಅವಾಡ್ಜಿ 1980ರಲ್ಲಿ ಈ ಪ್ರತಿಕ್ರಿಯೆಯನ್ನು ಅಂಕಗಳಲ್ಲಿ ಅಳೆಯುವ ಕ್ರಮ ಪ್ರಕಟಿಸಿದರು. ಈ ಇತಿಹಾಸದ ನಿಜವಾದ ತಿರುವು ಅದೇ.

ಇಂಥ ಎಣಿಕೆ ಕರ್ನಾಟಕದಲ್ಲೂ ನಡೆದಿದೆ. ಇಲ್ಲಿ ಆನೆಕಾಲು ರೋಗದ ನೆಲೆಗಳು ಮುಖ್ಯವಾಗಿ ಕಲ್ಯಾಣ ಕರ್ನಾಟಕ ಮತ್ತು ಕರಾವಳಿ. ಡಿಇಸಿ, ಅಲ್ಬೆಂಡಜೋಲ್ ಔಷಧಿಗಳ ಜೊತೆಗೆ ಐವರ್ಮೆಕ್ಟಿನ್ ಸೇರಿಸಿದರೆ ಅಪಾಯವೇ ಎಂಬುದನ್ನು 2016–17ರಲ್ಲಿ ಐದು ದೇಶಗಳಲ್ಲಿ ಪರೀಕ್ಷಿಸಿದಾಗ ಭಾರತದ ಕ್ಷೇತ್ರವಾದದ್ದು ಯಾದಗಿರಿ ಜಿಲ್ಲೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಅಲ್ಲಿ ಅದನ್ನು ನಡೆಸಿತು. ಐದೂ ದೇಶಗಳಲ್ಲಿ ಮಾತ್ರೆ ನುಂಗಿದವರು 26,836 ಮಂದಿ. ತೊಂದರೆ ಹೇಳಿಕೊಂಡು ಬರಲೆಂದು ಕಾಯದೆ, ಒಂದೆರಡು ದಿನಗಳಲ್ಲೇ ಶೇ. 97ರಷ್ಟು ಜನರನ್ನು ವಿಚಾರಿಸಲಾಯಿತು. ಎರಡು ಔಷಧಿಯಾಗಲಿ ಮೂರಾಗಲಿ, ತೊಂದರೆ ಕಂಡದ್ದು ಸುಮಾರು ಶೇ. 12 ಜನರಲ್ಲಿ; ಬಹುಪಾಲು ಸೌಮ್ಯ. ತೀವ್ರವಾದದ್ದು ಶೇ. 0.1 ಮಾತ್ರ.

ಸರಾಸರಿ ಮಾತ್ರ ನೋಡಿದರೆ ಮುಖ್ಯ ಸಂಗತಿ ಕಣ್ತಪ್ಪುತ್ತದೆ. ರಕ್ತದಲ್ಲಿ ಮರಿಹುಳುಗಳಿದ್ದವರಲ್ಲಿ ಶೇ. 33.4 ಮಂದಿಗೆ ತೊಂದರೆಯಾಯಿತು, ಇಲ್ಲದವರಲ್ಲಿ ಶೇ. 11.1. ಮರಿಹುಳು ಇದ್ದು ಮೂರೂ ಔಷಧಿ ನುಂಗಿದವರಲ್ಲಿ ಅದು ಶೇ. 39.4ಕ್ಕೆ ಏರಿತು. ಅಂದರೆ ಯಾರಿಗೆ ಔಷಧಿ ಅತ್ಯಗತ್ಯವೋ ಅವರೇ ಹೆಚ್ಚು ನರಳುತ್ತಾರೆ. ಮಾತ್ರೆ ಕೊಡುವ ಮೊದಲೇ ಇದನ್ನು ಜನರಿಗೆ ತಿಳಿಸಬೇಕು; ಮುಚ್ಚಿಟ್ಟರೆ ಮುಂದಿನ ವರ್ಷ ಯಾರೂ ಕೈ ಚಾಚುವುದಿಲ್ಲ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರುಗಳಿಗೆ ಈ ವಿಷಯ ಹತ್ತಿರವಾಗುವುದು 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಿಂದ. ಶಾಲೆ, ಅಂಗನವಾಡಿಗಳಲ್ಲಿ 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೊಡುತ್ತಾರೆ; ಒಂದು ವರ್ಷ ತುಂಬಿ ಎರಡು ತುಂಬದ ಮಗುವಿಗೆ ಅರ್ಧ ಮಾತ್ರೆ, ಪುಡಿಮಾಡಿ. ಕಾಯಿಲೆಯಲ್ಲಿರುವ ಮಗುವಿಗೆ ಅಂದು ಕೊಡುವುದಿಲ್ಲ. ವಾಕರಿಕೆ, ಹೊಟ್ಟೆನೋವು ಬಂದರೆ ಮಗುವನ್ನು ನೆರಳಿನಲ್ಲಿ ಮಲಗಿಸಿ, ನೀರು ಕುಡಿಸಿ, ಎರಡು ಗಂಟೆ ಗಮನಿಸುತ್ತಾರೆ. ಆಗಲೂ ಇಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ.