ಎಲ್ಲ ಲೋಕಕ್ಕೂ ಒಂದೇ ತರ್ಕವೆ?

ಚಿತ್ತಾಪುರದ ಹತ್ತಿರವಿರುವ ನಾಗಾವಿಯ 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ಲೆಕ್ಕ ಸಿಗುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 50. ನ್ಯಾಯಶಾಸ್ತ್ರಕ್ಕೆಂದೇ ಒಬ್ಬ ಉಪಾಧ್ಯಾಯರು, ಪುಸ್ತಕ ಭಂಡಾರಕ್ಕೆ ಆರು ಮಂದಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡವೂ ಅಲ್ಲಿಂದ ದೂರವಲ್ಲ. ತರ್ಕದ ನಿಯಮಗಳು ಈ ಲೋಕಕ್ಕೆ ಮಾತ್ರ ಸಲ್ಲುತ್ತವೋ, ಇರಬಹುದಾದ ಎಲ್ಲ ಲೋಕಗಳಿಗೂ ಸಲ್ಲಲೇಬೇಕೋ ಎಂಬ ಚರ್ಚೆಯನ್ನು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್‌ನಿಂದ ಶುರುಮಾಡುವುದು ರೂಢಿ. ಈ ಸೀಮೆಯಿಂದ ಶುರುಮಾಡಿದರೆ ಪ್ರಶ್ನೆ ಇನ್ನಷ್ಟು ತಿಳಿಯಾಗುತ್ತದೆ.

ಬೌದ್ಧ ತಾರ್ಕಿಕ ದಿಙ್ನಾಗರು ಹೇತುವಿಗೆ, ಎಂದರೆ ಒಂದನ್ನು ಸಾಧಿಸಲು ಕೊಡುವ ಕಾರಣಕ್ಕೆ, ಮೂರು ಲಕ್ಷಣ ಹೇಳಿದ್ದರು: ಸಾಧಿಸಬೇಕಾದ ಕಡೆ ಅದು ಇರಬೇಕು, ಅಂಥದ್ದೇ ಬೇರೆ ಕಡೆಯೂ ಇರಬೇಕು, ವಿರುದ್ಧವಾದ ಕಡೆ ಇರಬಾರದು. ಜೈನಾಚಾರ್ಯ ಪಾತ್ರಕೇಸರಿ ಇದನ್ನು ಒಪ್ಪಲಿಲ್ಲ. ಒಬ್ಬಾಕೆಯ ಮಕ್ಕಳೆಲ್ಲ ಕಪ್ಪು. ಹುಟ್ಟಲಿರುವವನೂ ಆಕೆಯ ಮಗನೇ, ಆದ್ದರಿಂದ ಕಪ್ಪು ಎಂದರೆ ಮೂರು ಲಕ್ಷಣವೂ ಕೂಡಿಬಂದಂತೆ ಕಾಣುತ್ತದೆ. ಆದರೂ ಅವನು ಬೆಳ್ಳಗೆ ಹುಟ್ಟಬಹುದು. ಇನ್ನೊಂದು ಉದಾಹರಣೆ, ಕೃತ್ತಿಕೆ ಮೂಡಿತು, ಇನ್ನು ರೋಹಿಣಿ ಮೂಡುತ್ತದೆ ಎಂಬುದು. ಇಲ್ಲಿ ಹೇತು ರೋಹಿಣಿಯಲ್ಲಿ ಇಲ್ಲವೇ ಇಲ್ಲ, ಅನುಮಾನ ಮಾತ್ರ ಸರಿಯಾಗಿದೆ. ಹಾಗಾಗಿ ಬೇಕಾದ ಲಕ್ಷಣ ಒಂದೇ, ಅನ್ಯಥಾನುಪಪತ್ತಿ: ಸಾಧಿಸಬೇಕಾದದ್ದು ಇಲ್ಲದೆ ಹೇತು ಇರಲಾಗದು. ಮಳಖೇಡದವರೆಂದು ಕಥೆಗಳು ಹೇಳುವ ಎಂಟನೆಯ ಶತಮಾನದ ಅಕಲಂಕರು ಜೈನ ಪ್ರಮಾಣಶಾಸ್ತ್ರವನ್ನು ಕಟ್ಟಿದ್ದು ಇದರ ಮೇಲೆ. ಕಂಡದ್ದೆಷ್ಟು ಎಂಬ ಎಣಿಕೆಯನ್ನು ಬಿಟ್ಟು, ಬೇರೆ ರೀತಿ ಇರಲು ಬರುತ್ತದೆಯೆ ಎಂದು ಕೇಳಿದ ಈ ಹೆಜ್ಜೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಾಧ್ಯ ಲೋಕಗಳ ಮಾತಿಗೆ ಬಾಗಿಲು ತೆರೆದದ್ದೇ ಇಲ್ಲಿ.

ಬೇರೆ ರೀತಿ ಇರಲಾಗದು ಎಂಬ ಮಾತಿಗೂ ಎಲ್ಲೆ ಇರುತ್ತದೆ. ಮಳಖೇಡದ ದೊರೆ ಅಮೋಘವರ್ಷನನ್ನು ಹೊಗಳಿ ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದರು. 1572ರಲ್ಲಿ ಇಟಲಿಯ ಬೊಂಬೆಲ್ಲಿ ಅಂಥ ಮೂಲಗಳಿಗೇ ಲೆಕ್ಕದ ನಿಯಮ ಕೊಟ್ಟರು. ಇದರಿಂದ ಆಚಾರ್ಯರ ಮಾತು ಸುಳ್ಳಾಗಲಿಲ್ಲ, ಅದು ಯಾವ ಸಂಖ್ಯೆಗಳಿಗೆ ಸಲ್ಲುತ್ತದೆ ಎಂಬುದು ಗೊತ್ತಾಯಿತು.

ತರ್ಕದ ನಿಯಮಗಳಿಗೂ ಹೀಗೇ ಆದೀತೆ? 1920ರಲ್ಲಿ ಪೋಲೆಂಡಿನ ಲುಕಾಸಿಯೇವಿಚ್ ಸತ್ಯ, ಅಸತ್ಯಗಳ ಜೊತೆ ಮೂರನೆಯ ಮೌಲ್ಯವನ್ನು ತಂದರು. 1936ರಲ್ಲಿ ಬರ್ಕಾಫ್ ಮತ್ತು ಫಾನ್ ನಾಯ್ಮನ್ ಕ್ವಾಂಟಂ ಲೋಕದಲ್ಲಿ ವಿತರಣ ನಿಯಮ ನಿಲ್ಲುವುದಿಲ್ಲ ಎಂದರು. ಕಣದ ವೇಗ ಇಷ್ಟು, ಅದು ಎಡಕ್ಕೋ ಬಲಕ್ಕೋ ಇದೆ ಎಂದರೆ, ವೇಗ ಇಷ್ಟಿದ್ದು ಎಡಕ್ಕಿದೆ ಇಲ್ಲವೇ ವೇಗ ಇಷ್ಟಿದ್ದು ಬಲಕ್ಕಿದೆ ಎನ್ನಲು ಅಲ್ಲಿ ಬರುವುದಿಲ್ಲ. 1968ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಪಟ್ನಮ್ ಇದನ್ನೇ ಹಿಡಿದು, ರೇಖಾಗಣಿತದಂತೆ ತರ್ಕವನ್ನೂ ಅನುಭವ ತಿದ್ದಬಲ್ಲದು ಎಂದು ವಾದಿಸಿದರು. ಕೊನೆಗೆ ತಾವೇ ಹಿಂದೆ ಸರಿದರು.

ಹೆಚ್ಚು ಬಿಸಿ ಹುಟ್ಟಿಸಿದ್ದು, ಒಂದು ಮಾತೂ ಅದರ ನಿರಾಕರಣೆಯೂ ಒಟ್ಟಿಗೆ ನಿಜವಾಗಲಾರವು ಎಂಬ ವಿರೋಧದ ನಿಯಮ. ಜೈನರ ಸ್ಯಾದ್ವಾದ ಹೇಳುವ ಏಳು ಭಂಗಗಳಲ್ಲಿ, ಎಂದರೆ ಹೇಳಿಕೆಯ ಬಗೆಗಳಲ್ಲಿ, ಒಂದೇ ವಸ್ತು ಒಂದು ನೋಟಕ್ಕೆ ಇದೆ, ಇನ್ನೊಂದು ನೋಟಕ್ಕೆ ಇಲ್ಲ, ಎರಡನ್ನೂ ಒಟ್ಟಿಗೆ ಹೇಳಹೋದರೆ ಅವಕ್ತವ್ಯ, ಮಾತಿಗೆ ಸಿಗದ್ದು. ಬಿಸಿ, ತಂಪು ಏಕಕಾಲಕ್ಕೆ ಒಂದೆಡೆ ಇರಲಾರವು ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಖಂಡಿಸಿದರು. ಜೈನರ ಉತ್ತರ ಗಟ್ಟಿಯಾಗಿದೆ: ಸ್ಯಾತ್, ಎಂದರೆ ‘ಒಂದು ನೋಟದಿಂದ’, ಎಂದಾಗಲೇ ನೋಟ ಬೇರೆಯಾಯಿತು, ವಿರೋಧ ಎಲ್ಲಿ ಬಂತು? 1950ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಮತ್ತು ಜೀವವಿಜ್ಞಾನಿ ಹಾಲ್ಡೇನ್ ಸ್ಯಾದ್ವಾದದಲ್ಲಿ ಸಂಖ್ಯಾಶಾಸ್ತ್ರದ ಹೊಳಹು ಕಂಡರು. 2008ರಲ್ಲಿ ತಾರ್ಕಿಕ ಗ್ರಹಾಂ ಪ್ರೀಸ್ಟ್ ಇದಕ್ಕೆ ಬಹುಮೌಲ್ಯ ತರ್ಕದ ರೂಪ ಕೊಟ್ಟರು.

ಹಾಗಾಗಿ ತರ್ಕವನ್ನು ಇಡಿಯಾಗಿ ಉಳಿಸಬೇಕೆ, ಬಿಡಬೇಕೆ ಎಂದು ಕೇಳುವುದಕ್ಕಿಂತ ಒಂದೊಂದೇ ನಿಯಮವನ್ನು ಒರೆಗೆ ಹಚ್ಚಬೇಕು. ವಿತರಣ ನಿಯಮ ಇಲ್ಲದ ಲೋಕವನ್ನು ಊಹಿಸಬಹುದು. ಎಲ್ಲಕ್ಕೂ ಸಲ್ಲುವುದು ಇದಕ್ಕೂ ಸಲ್ಲುತ್ತದೆ ಎಂಬ ನಿಯಮ ಹಾಗಲ್ಲ. ಅಮೆರಿಕದ ತಾರ್ಕಿಕ ಕ್ರಿಪ್ಕೆ 1974ರಲ್ಲಿ ತೋರಿಸಿದಂತೆ, ಅದು ಗೊತ್ತಿಲ್ಲದವನಿಗೆ ಹೇಳಿಕೊಟ್ಟೂ ಪ್ರಯೋಜನವಿಲ್ಲ. ಹೇಳಿಕೊಟ್ಟ ಮಾತನ್ನು ಮುಂದಿರುವ ಸಂಗತಿಗೆ ಹಚ್ಚಲು ಅವನಿಗೆ ಅದೇ ನಿಯಮ ಬೇಕು.